ಗಟ್ಟಿಮೇಳ ಯಾರ ಕಿವಿಗೆ ಕೇಳುತ್ತಿದೆ? ಸಿನಿಮಾ ದೃಶ್ಯಕ್ಕೆ ಶಬ್ದ ಕಟ್ಟುವ ಬಗೆ

ಬಸವನಗುಡಿಯ ಒಂದು ಛತ್ರ. ಮುಹೂರ್ತದ ಹೊತ್ತು. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗುತ್ತಾರೆ. ಅಲ್ಲಿವರೆಗೆ ಸಣ್ಣಗೆ ನುಡಿಯುತ್ತಿದ್ದ ನಾದಸ್ವರ ಒಮ್ಮೆಲೇ ಏರುತ್ತದೆ. ಡೋಲಿನವರು ಕೈ ಬಿಟ್ಟು ಬಾರಿಸುತ್ತಾರೆ. ಅಕ್ಷತೆ ಬೀಳುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೂ, ಅತ್ತರೂ, ಕೆಟ್ಟ ಮಾತಾಡಿದರೂ ಕಿವಿಗೆ ಬೀಳಬಾರದು, ಅದಕ್ಕೇ ಗಟ್ಟಿಮೇಳ ಎಂದು ಮನೆಯ ಹಿರಿಯರು ಹೇಳುತ್ತಾರೆ. ಒಂದು ಶಬ್ದದಿಂದ ಇನ್ನೊಂದನ್ನು ಮುಚ್ಚಿ, ಆ ಗಳಿಗೆಗೆ ಒಂದೇ ಅರ್ಥ ಉಳಿಸುವುದು. ಸಿನಿಮಾದವರು ಮಿಕ್ಸಿಂಗ್ ಎಂದು ಕರೆಯುವ ಕೆಲಸವೂ ಇದೇ.

ಈಗ ಅದೇ ಮದುವೆ ಪರದೆಯ ಮೇಲೆ ನಡೆಯುತ್ತಿದೆ ಎಂದುಕೊಳ್ಳಿ. ತಾಳಿ ಕಟ್ಟುವ ಕೈ, ತಲೆ ತಗ್ಗಿಸಿದ ಹುಡುಗಿ. ಗಟ್ಟಿಮೇಳವನ್ನು ಪೂರ್ತಿ ಜೋರಾಗಿ ಕೇಳಿಸಿದರೆ ನಾವು ಮುಂದಿನ ಸಾಲಿನಲ್ಲಿ ಕೂತ ನೆಂಟರಾಗುತ್ತೇವೆ. ಅದೇ ಮೇಳವನ್ನು ಗೋಡೆಯಾಚೆಯಿಂದ ಬಂದ ಹಾಗೆ ಮಂಕು ಮಾಡಿ, ಬಳೆಯ ಸದ್ದನ್ನೂ ಅವಳ ಉಸಿರನ್ನೂ ಹತ್ತಿರಕ್ಕೆ ತನ್ನಿ. ತಕ್ಷಣ ಅನುಮಾನ ಹುಟ್ಟುತ್ತದೆ: ಈ ಹುಡುಗಿಗೆ ಮದುವೆ ಇಷ್ಟ ಇದೆಯಾ? ಮೇಳದ ಕೆಳಗೆ ಪಾತ್ರೆ ತೊಳೆಯುವ ಸದ್ದು, ನಲ್ಲಿ ನೀರಿನ ಸದ್ದು ಇಟ್ಟರೆ, ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿರುವ ಇನ್ಯಾರೋ ಒಬ್ಬರು ನೆನಪಾಗುತ್ತಾರೆ. ಚಿತ್ರ ಒಂದೇ. ಕೇಳುತ್ತಿರುವ ಕಿವಿ ಬೇರೆ.

ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು "ಈ ಸೀನ್‌ಗೆ ಯಾವ ಮ್ಯೂಸಿಕ್ ಹಾಕೋಣ?" ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ದೃಶ್ಯವನ್ನು ನಾವು ಯಾರ ಕಿವಿಯಿಂದ ಕೇಳುತ್ತಿದ್ದೇವೆ? ಇದಕ್ಕೆ ಉತ್ತರ ಸಿಕ್ಕರೆ ಸಂಗೀತ ಬೇಕೋ ಬೇಡವೋ, ಬೇಕಾದರೆ ಎಲ್ಲಿಂದ ಎಲ್ಲಿಗೆ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ. ಮುಂದಿನ ಹೆಜ್ಜೆಗಳೆಲ್ಲ ಆ ಉತ್ತರ ಹುಡುಕುವುದಕ್ಕೆ.

ಹೆಜ್ಜೆ 1: ಚಿತ್ರ ಮುಚ್ಚಿ ಕೇಳಿ

ನಿಮಗೆ ತುಂಬಾ ಇಷ್ಟವಾದ ಒಂದು ದೃಶ್ಯ ಆರಿಸಿಕೊಳ್ಳಿ. ಎರಡು ಮೂರು ನಿಮಿಷದ್ದು ಸಾಕು. ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ತಗ್ಗಿನ ಶಬ್ದಗಳು ಬರುವುದೇ ಇಲ್ಲ.

ದೃಶ್ಯವನ್ನು ಮೂರು ಸಲ ಓಡಿಸಿ. ಮೊದಲ ಸಲ ಪರದೆ ಮುಚ್ಚಿ, ಬರೀ ಕೇಳಿ. ಎರಡನೇ ಸಲ ಶಬ್ದ ಪೂರ್ತಿ ತೆಗೆದು, ಬರೀ ನೋಡಿ. ಮೂರನೇ ಸಲ ಎರಡನ್ನೂ ಸೇರಿಸಿ. ಪ್ರತಿ ಸಲವೂ ಕೇಳಿದ್ದನ್ನು, ಅನಿಸಿದ್ದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಎರಡನೇ ಸಲ ನೋಡುವಾಗ ನಟರ ಮುಖದಲ್ಲಿ ಅಷ್ಟೊಂದು ದುಃಖ ಇರಲೇ ಇಲ್ಲ ಎಂದು ಗೊತ್ತಾಗಿ ಆಶ್ಚರ್ಯ ಆಗಬಹುದು. ಆ ದುಃಖ ಪಿಟೀಲಿನಿಂದ ಬಂದಿತ್ತು.

ಯಾವ ಸಿನಿಮಾದಿಂದ ಶುರು ಮಾಡಲಿ ಅನ್ನುವವರಿಗೆ ನಾನು ಹೇಳುವ ಹೆಸರು 'ಘಟಶ್ರಾದ್ಧ'. ಗಿರೀಶ್ ಕಾಸರವಳ್ಳಿಯವರ 1977ರ ಕಪ್ಪು ಬಿಳುಪು ಚಿತ್ರ. ಸಂಗೀತಕ್ಕೆ ಬಿ.ವಿ. ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಾರಂತರು ರಂಗಭೂಮಿಯವರು. ವಾದ್ಯ ಅಲ್ಲದ ವಸ್ತುಗಳಿಂದಲೂ ಸಂಗೀತ ತೆಗೆಯಬಹುದು ಎಂದು ನಂಬಿದ್ದವರು. ಅಂಥವರ ಕೆಲಸವನ್ನು ಕಣ್ಣು ಮುಚ್ಚಿ ಕೇಳಬೇಕು.

ಹೆಜ್ಜೆ 2: ಸಿಕ್ಕ ಶಬ್ದಗಳನ್ನು ಬಿಡಿಸಿ

ಬರೆದುಕೊಂಡ ಪಟ್ಟಿಯನ್ನು ನಾಲ್ಕು ಪಾಲು ಮಾಡಿ. ಮಾತು. ಪಾತ್ರಗಳ ಕೈಕಾಲಿನ ಸದ್ದು, ಅಂದರೆ ಹೆಜ್ಜೆ, ಬಟ್ಟೆ, ಲೋಟ, ಬಾಗಿಲು. ಸುತ್ತಲಿನ ವಾತಾವರಣದ ಸದ್ದು. ಕೊನೆಗೆ ಸಂಗೀತ.

ಎರಡನೇ ಪಾಲಿಗೆ ಸ್ಟುಡಿಯೋಗಳಲ್ಲಿ ಫೋಲಿ ಅನ್ನುತ್ತಾರೆ. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜಾಕ್ ಫೋಲಿ ಎಂಬವರಿಂದ ಬಂದ ಹೆಸರು. ಚಿತ್ರ ನೋಡುತ್ತಾ ನೋಡುತ್ತಾ ಅದೇ ಹೊತ್ತಿಗೆ ಸದ್ದು ಮಾಡಿ ರೆಕಾರ್ಡ್ ಮಾಡುವ ಕೆಲಸ ಇದು. ಕುದುರೆ ಗೊರಸಿಗೆ ತೆಂಗಿನ ಚಿಪ್ಪು, ಹಕ್ಕಿಯ ರೆಕ್ಕೆಗೆ ಛತ್ರಿ ಬಿಚ್ಚಿ ಮುಚ್ಚುವುದು, ಮೂಳೆ ಮುರಿಯುವುದಕ್ಕೆ ಕ್ಯಾರೆಟ್. ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಸದ್ದನ್ನು ಮೈಕ್ ಹತ್ತಿರ ಇಟ್ಟು ಹಿಡಿದರೆ ಮಳೆಯ ಹಾಗೇ ಕೇಳುತ್ತದೆ, ಒಮ್ಮೆ ಮಾಡಿ ನೋಡಿ.

ಒಂದು ವಿಷಯ ನೆನಪಿರಲಿ. ನಮ್ಮ ಎಷ್ಟೋ ಚಿತ್ರಗಳಿಗೆ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡುತ್ತಾರೆ. ಶೂಟಿಂಗ್ ಹೊತ್ತಿನ ಶಬ್ದ ಉಳಿಯುವುದಿಲ್ಲ. ಉಳಿದ ಸದ್ದುಗಳನ್ನೆಲ್ಲ ಒಂದೊಂದಾಗಿ ಸೇರಿಸಬೇಕು. ಅಂದಮೇಲೆ ಅಂಥ ಚಿತ್ರದಲ್ಲಿ ದೂರದ ಒಂದು ಕಾಗೆ ಕೂಗಿದರೂ ಅದು ತಾನಾಗಿ ಬಂದದ್ದಲ್ಲ. ಯಾರೋ ಕೂತು, ಈ ಮಧ್ಯಾಹ್ನಕ್ಕೆ ಒಂದು ಕಾಗೆ ಬೇಕು ಎಂದು ಯೋಚಿಸಿ ಇಟ್ಟದ್ದು. ಯಾಕೆ ಬೇಕಿತ್ತು ಎಂದು ಕೇಳಿಕೊಳ್ಳಿ.

ಇನ್ನೊಂದು ಗೆರೆಯನ್ನೂ ಎಳೆಯಿರಿ. ಪಾತ್ರಗಳಿಗೂ ಕೇಳುವ ಶಬ್ದ ಯಾವುದು, ನಮಗೆ ಮಾತ್ರ ಕೇಳುವುದು ಯಾವುದು? ಹೋಟೆಲಿನ ರೇಡಿಯೋ ಅವರಿಗೂ ಕೇಳುತ್ತದೆ. ಹಿನ್ನೆಲೆಯ ಕೊಳಲು ನಮಗೆ ಮಾತ್ರ. ರೇಡಿಯೋದಲ್ಲಿ ಬರುತ್ತಿದ್ದ ಹಾಡು ನಿಧಾನವಾಗಿ ದೊಡ್ಡದಾಗಿ, ಹೋಟೆಲಿನ ಗದ್ದಲ ಇಳಿದು, ಪೂರ್ತಿ ಹಿನ್ನೆಲೆ ಸಂಗೀತವೇ ಆಗಿಬಿಟ್ಟರೆ ನಾವು ಹೋಟೆಲಿನಿಂದ ಎದ್ದು ಪಾತ್ರದ ತಲೆಯೊಳಗೆ ಹೋಗಿರುತ್ತೇವೆ. ಕಿವಿ ಬದಲಾಗುವ ಜಾಗ ಅದೇ.

ಹೆಜ್ಜೆ 3: ಎರಡು ತಟ್ಟೆಯ ದೃಶ್ಯ

ಈಗ ನಿಮ್ಮದೇ ಒಂದು ದೃಶ್ಯ. ಫೋನಿನಲ್ಲಿ ತೆಗೆದರೆ ಸಾಕು, ಕ್ಯಾಮೆರಾ ಅಲುಗಾಡದ ಹಾಗೆ ಇಡಿ. ಊಟದ ಟೇಬಲ್. ಎರಡು ತಟ್ಟೆ. ಅದರಲ್ಲಿ ಒಂದನ್ನು ಮೂರನೇ ತಟ್ಟೆಯಿಂದ ಮುಚ್ಚಿದೆ. ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿ. ಅವರು ಒಮ್ಮೆ ಬಾಗಿಲ ಕಡೆ ನೋಡಲಿ, ಆಮೇಲೆ ತಟ್ಟೆ ಕಡೆ. 40 ಸೆಕೆಂಡ್. ಮಾತು ಬೇಡ, ಅಭಿನಯವೂ ಬೇಡ. ಶೂಟಿಂಗ್ ಶಬ್ದವನ್ನು ಪೂರ್ತಿ ತೆಗೆದುಹಾಕಿ.

ಇದರ ಮೇಲೆ ಬೇರೆ ಬೇರೆ ಶಬ್ದ ಇಟ್ಟು ನೋಡಿ. ಗೋಡೆ ಗಡಿಯಾರ ಮತ್ತು ಫ್ರಿಜ್ಜಿನ ಗುಂಯ್ ಸದ್ದು ಮಾತ್ರ ಇದ್ದರೆ ಒಂಟಿತನ. ಇದು ಇವತ್ತಿನ ಕಥೆ ಅಲ್ಲ, ದಿನಾ ಹೀಗೇ ಎಂದು ಅನಿಸುತ್ತದೆ. ಪಕ್ಕದ ಮನೆಯ ಟಿವಿ, ಮಕ್ಕಳ ನಗು, ಕುಕ್ಕರ್ ಸೀಟಿ ಇಟ್ಟರೆ ಅದೇ ಮನೆ ಇನ್ನೂ ಖಾಲಿ ಕಾಣುತ್ತದೆ. ಗುಡುಗು ಮಳೆ ಇಟ್ಟರೆ ಬರಬೇಕಾದವರು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಆತಂಕ.

ನನಗೆ ತುಂಬಾ ಇಷ್ಟವಾದದ್ದು ಸ್ಕೂಟರ್. ಅದನ್ನು ಹೀಗೆ ಇಡಿ. ಹತ್ತನೇ ಸೆಕೆಂಡಿಗೆ ರಸ್ತೆಯ ತುದಿಯಲ್ಲಿ, ಕೇಳಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಶುರು. ಹತ್ತಿರ ಬರಲಿ. ಮನೆ ಮುಂದಿನ ಹಂಪ್‌ಗೆ ಬಂದಾಗ ಎಂಜಿನ್ ಸದ್ದು ಇಳಿಯಲಿ. ಅದೇ ಹೊತ್ತಿಗೆ ಅಮ್ಮ ಬಾಗಿಲ ಕಡೆ ನೋಡುವಂತೆ ಚಿತ್ರವನ್ನು ಜೋಡಿಸಿ. ಒಂದೂವರೆ ಸೆಕೆಂಡ್ ಸ್ಕೂಟರ್ ಅಲ್ಲೇ ನಿಂತಂತೆ ಇರಲಿ. ನೋಡುವವರೆಲ್ಲ ಮನಸ್ಸಿನಲ್ಲೇ "ಬಂದ್ರು" ಅಂದುಕೊಳ್ಳುತ್ತಾರೆ. ಆಮೇಲೆ ಅದು ಹಂಪ್ ದಾಟಿ, ವೇಗ ಹೆಚ್ಚಿಸಿ, ಹೊರಟುಹೋಗಲಿ. ಅಮ್ಮ ತಟ್ಟೆ ಕಡೆ ತಿರುಗುತ್ತಾರೆ. ಕ್ಯಾಮೆರಾ ಮುಂದೆ ಏನೂ ನಡೆದಿಲ್ಲ. ಆದರೂ ನೋಡಿದವರಿಗೆ ಎದೆಯಲ್ಲಿ ಏನೋ ಇಳಿದ ಹಾಗಾಗುತ್ತದೆ, ಅಲ್ವಾ? ಆ 40 ಸೆಕೆಂಡ್ ನಾವು ಅಮ್ಮನ ಕಿವಿಯಿಂದಲೇ ಕೇಳಿದ್ದೇವೆ.

ಹೆಜ್ಜೆ 4: ಸುಮ್ನೆ ಇರುವ ಕೋಣೆಯನ್ನೂ ರೆಕಾರ್ಡ್ ಮಾಡಿ

ಇದನ್ನು ನಾನು ಕಷ್ಟಪಟ್ಟು ಕಲಿತೆ. ರಾಜಾಜಿನಗರದ ಸ್ನೇಹಿತರ ಮನೆಯಲ್ಲಿ ಒಂದು ಕಿರುಚಿತ್ರ ಮಾಡಿದ್ದೆವು. ಮಗನ ಫೋನಿಗೆ ಕಾಯುವ ಅಜ್ಜಿಯ ಕಥೆ. ಮೊದಲ ದಿನ ಸೆಕೆ, ಫ್ಯಾನ್ ಓಡುತ್ತಿತ್ತು. ಎರಡನೇ ದಿನ ಮಳೆ ಬಂದು ತಂಪಾಗಿತ್ತು, ಫ್ಯಾನ್ ಆಫ್. ಎಡಿಟಿಂಗ್‌ಗೆ ಕೂತಾಗ ಒಂದು ಶಾಟ್‌ನಲ್ಲಿ ಫ್ಯಾನ್ ಸದ್ದು, ಮುಂದಿನ ಶಾಟ್‌ನಲ್ಲಿ ಇಲ್ಲ, ಮತ್ತೆ ಇದೆ. ಕೋಣೆಯ ಬರೀ ಸದ್ದನ್ನು ನಾವು ರೆಕಾರ್ಡ್ ಮಾಡಿಕೊಂಡಿರಲಿಲ್ಲ. ಮುಚ್ಚುವುದಕ್ಕೆ ಬೇರೆ ದಾರಿ ಕಾಣದೆ ಪೂರ್ತಿ ಚಿತ್ರಕ್ಕೆ ಪಿಟೀಲು ಹಾಕಿದೆವು. ನೋಡಿದವರು "ಮ್ಯೂಸಿಕ್ ಚೆನ್ನಾಗಿದೆ" ಎಂದರು. ಅಜ್ಜಿ ಕಾಯುತ್ತಿದ್ದದ್ದು ಒಬ್ಬರಿಗೂ ತಟ್ಟಲಿಲ್ಲ. ಆ ಅಜ್ಜಿ ಎಷ್ಟು ಚೆನ್ನಾಗಿ ಸುಮ್ಮನೆ ಕೂತಿದ್ದರು! ಅವರ ಮೌನವನ್ನು ನಾವೇ ಮುಚ್ಚಿಹಾಕಿದೆವು. ಆ ಬೇಸರ ಇವತ್ತಿಗೂ ಇದೆ.

ಹಾಗಾಗಿ ಪ್ರತಿ ಜಾಗದಲ್ಲೂ ಶೂಟಿಂಗ್ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು ಒಂದು ನಿಮಿಷ ಏನೂ ಮಾತಾಡದೆ ರೆಕಾರ್ಡ್ ಮಾಡಿ. ರೂಮ್ ಟೋನ್ ಅಂದರೆ ಇದು. ಫ್ಯಾನ್, ಫ್ರಿಜ್ ಆಫ್ ಮಾಡಿ ಶೂಟ್ ಮಾಡಿ, ಬೇಕಾದರೆ ಆ ಸದ್ದನ್ನು ಬೇರೆಯಾಗಿ ಹಿಡಿದುಕೊಳ್ಳಿ. ಫ್ರಿಜ್ ಆಫ್ ಮಾಡಿದಾಗ ಗಾಡಿ ಕೀಯನ್ನು ಅದರೊಳಗೇ ಇಡಿ. ಮನೆಗೆ ಹೊರಡುವಾಗ ಕೀ ತೆಗೆಯಲೇಬೇಕು, ಫ್ರಿಜ್ ಆನ್ ಮಾಡುವುದು ಮರೆಯುವುದಿಲ್ಲ.

ಶಬ್ದವನ್ನು ಪೂರ್ತಿ ಸೊನ್ನೆಗೆ ಇಳಿಸಿದರೆ ಜನ ಅದನ್ನು ಮೌನ ಅಂದುಕೊಳ್ಳುವುದಿಲ್ಲ, ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಸಿನಿಮಾದ ಮೌನಕ್ಕೆ ಒಂದು ಸಣ್ಣ ಸದ್ದು ಬೇಕು. ದೂರದ ನಾಯಿ, ನಲ್ಲಿಯ ಒಂದು ಹನಿ. ಅಷ್ಟು ಸಣ್ಣದೂ ಕೇಳುತ್ತಿದೆ ಅಂದಾಗಲೇ ಎಷ್ಟು ನಿಶ್ಶಬ್ದ ಎಂದು ಗೊತ್ತಾಗುವುದು.

ಹೆಜ್ಜೆ 5: ಬೆಂಗಳೂರನ್ನು ಹಿಡಿಯಿರಿ

ಇಂಟರ್ನೆಟ್‌ನಲ್ಲಿ ಸಿಗುವ 'ಸಿಟಿ ಸೌಂಡ್' ಹಾಕಿದರೆ ಅದು ಯಾವ ಊರೂ ಅಲ್ಲ. ನಮ್ಮ ಊರಿನ ಬೆಳಗ್ಗೆಗೆ ಅದರದೇ ಸದ್ದಿದೆ. ಬಾಗಿಲಿಗೆ ಚೆಂಬಿನಿಂದ ನೀರು ಎರಚುವುದು, ಪರಕೆ, ಸೊಪ್ಪಿನವರ ಉದ್ದದ ಕೂಗು, ಕಸದ ಆಟೋದ ಹಾಡು. ಕೆ.ಆರ್. ಮಾರ್ಕೆಟ್‌ಗೆ ಬೆಳಗಿನ ಜಾವ ಹೋದರೆ ಹೂವಿನವರ ಚೌಕಾಸಿ ಸಿಗುತ್ತದೆ. ಕಬ್ಬನ್ ಪಾರ್ಕ್‌ಗೆ ಭಾನುವಾರ ಹೋಗಿ, ಒಳಗೆ ವಾಹನ ಇರುವುದಿಲ್ಲ. ಗಾಳಿಗೆ ಬಿದಿರು ಒಂದಕ್ಕೊಂದು ಉಜ್ಜುವ ಸದ್ದಿಗಾಗಿ ಕಾಯಿರಿ. ಭಯದ ದೃಶ್ಯಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಪೀಪಿಗಳ ಸದ್ದು ಮರೆಯಬೇಡಿ. ಮೆಟ್ರೋ ಒಳಗೆ ರೆಕಾರ್ಡ್ ಮಾಡುವ ಮುಂಚೆ ಮಾತ್ರ ಅನುಮತಿ ಕೇಳಿ.

ಕಾಲವನ್ನೂ ಗಮನಿಸಿ. ಕೋಗಿಲೆ ಯುಗಾದಿ ಆಸುಪಾಸು ಜಾಸ್ತಿ ಕೂಗುತ್ತದೆ. ಡಿಸೆಂಬರ್ ಚಳಿಯ ದೃಶ್ಯಕ್ಕೆ ಕೋಗಿಲೆ ಇಟ್ಟರೆ ಇಲ್ಲೇ ಹುಟ್ಟಿ ಬೆಳೆದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಮಳೆಯಲ್ಲೂ ಅಷ್ಟೇ. ಶೀಟ್ ಮೇಲೆ ಬೀಳುವ ಮಳೆ ಒಂದು ಬಗೆಯ ಮನೆಯ ಕಥೆ ಹೇಳುತ್ತದೆ, ಹೆಂಚಿನ ಮೇಲೆ ಬೀಳುವುದು ಇನ್ನೊಂದು ಬಗೆಯ ಮನೆಯದು.

ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಸೌಲಭ್ಯ ಇದ್ದರೆ ಗುಣಮಟ್ಟವನ್ನು 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಎಂದು ಇಡಿ. ಮೈಕ್‌ಗೆ ಗಾಳಿ ಹೊಡೆಯದಂತೆ ತೆಳುವಾದ ಸ್ಪಾಂಜ್ ಕಟ್ಟಿ.

ಹೆಜ್ಜೆ 6: ಸಂಗೀತಕ್ಕೆ ಈಗ ಬನ್ನಿ

ಇಷ್ಟಾದ ಮೇಲೂ ದೃಶ್ಯಕ್ಕೆ ಏನೋ ಕಡಿಮೆ ಅನಿಸಿದರೆ ಮಾತ್ರ ಸಂಗೀತ. ಗಾಂಧಿನಗರದ ಸಿನಿಮಾದವರು ಹಿನ್ನೆಲೆ ಸಂಗೀತದ ಕೆಲಸಕ್ಕೆ ರೀ-ರೆಕಾರ್ಡಿಂಗ್ ಅನ್ನುತ್ತಾರೆ. ಚಿತ್ರ ಕಟ್ ಆದ ಮೇಲೆ ಮಾಡುವ ಕೆಲಸ ಅದು.

ಹಾರ್ಮೋನಿಯಂ ಇದ್ದವರ ಮನೆಗೆ ಹೋಗಿ, ಮೋಹನ ರಾಗದ ಸ ರಿ ಗ ಪ ದ ಸ ನುಡಿಸಲು ಹೇಳಿ. ಮನಸ್ಸು ಹಗುರಾಗುತ್ತದೆ. ಈಗ ಗಾಂಧಾರವನ್ನು, ಅಂದರೆ 'ಗ'ವನ್ನು ಮಾತ್ರ ಒಂದು ಮನೆ ಕೆಳಗಿಳಿಸಲು ಹೇಳಿ, ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರ. ಉಳಿದ ಸ್ವರಗಳೆಲ್ಲ ಹಾಗೇ ಇರಲಿ. ಅದು ಶಿವರಂಜನಿ. ಒಂದೇ ಸ್ವರಕ್ಕೆ ಇಡೀ ಕೋಣೆಯ ಬಣ್ಣ ಬದಲಾಗುತ್ತದೆ. ಕುಟುಂಬವೊಂದು ಖುಷಿಯಾಗಿದ್ದ ದಿನದ ದೃಶ್ಯಕ್ಕೆ ಮೋಹನದಲ್ಲಿ ಒಂದು ಸಣ್ಣ ಪಲುಕು, ಅಂದರೆ ಕೆಲವೇ ಸ್ವರಗಳ ತುಣುಕು, ಕಟ್ಟಿ. ಆ ಮನೆ ಮುರಿದ ಮೇಲಿನ ದೃಶ್ಯಕ್ಕೆ ಅದನ್ನೇ ಶಿವರಂಜನಿಯಲ್ಲಿ ನುಡಿಸಿ. ರಾಗದ ಹೆಸರು ಗೊತ್ತಿಲ್ಲದವರಿಗೂ ಹಳೆಯ ಮನೆ ನೆನಪಾಗುತ್ತದೆ.

ಕುತೂಹಲ ಹುಟ್ಟಿಸಬೇಕೇ? ತಂಬೂರಿ ಶ್ರುತಿ ಹಿಡಿದು, ಮೇಲೇರಿ 'ನಿ'ಗೆ ಬಂದು ಅಲ್ಲೇ ನಿಲ್ಲಿಸಿ. 'ಸ'ಕ್ಕೆ ಹೋಗಬೇಡಿ. ಕೇಳುವವರ ಮನಸ್ಸು ಆ 'ಸ'ಗಾಗಿ ಕಾಯುತ್ತಲೇ ಇರುತ್ತದೆ. ಬಾಗಿಲು ತೆರೆದು ಬಂದವರು ಯಾರು ಎಂದು ಕಂಡಾಗ 'ಸ' ಕೊಡಿ. ಕೊಡದೆಯೂ ಇರಬಹುದು.

ಆದರೆ ಇಂಥ ರಾಗ ಇಂಥ ಭಾವಕ್ಕೆ ಎಂದು ಪಟ್ಟಿ ಇಟ್ಟುಕೊಂಡು ಕೆಲಸ ಮಾಡಬೇಡಿ. ತಮಟೆಯನ್ನೇ ನೋಡಿ. ನಮ್ಮ ಬಡಾವಣೆಗಳಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಿದಾಗಲೂ ತಮಟೆ, ಹೆಣ ಹೊರಡುವಾಗಲೂ ತಮಟೆ. ದೂರದಿಂದ ಕೇಳಿದಾಗ ಒಂದು ಗಳಿಗೆ ಹಬ್ಬವೋ ಸಾವೋ ಗೊತ್ತಾಗದೆ ಕಿಟಕಿಗೆ ಹೋಗಿ ನೋಡುತ್ತೇವೆ. ಆ ಒಂದು ಗಳಿಗೆಯನ್ನು ಸಿನಿಮಾಕ್ಕೆ ತನ್ನಿ. ಪಾತ್ರ ಕಿಟಕಿಗೆ ಬರುವವರೆಗೆ ತಮಟೆ ಕೇಳಲಿ, ಮೆರವಣಿಗೆ ಕಾಣುವುದು ಆಮೇಲೆ.

ಭಾವಕ್ಕೆ ಎದುರಾಗಿ ಹೋಗುವುದೂ ಒಂದು ದಾರಿ. ನಮ್ಮ ಎರಡು ತಟ್ಟೆಯ ದೃಶ್ಯಕ್ಕೆ ದುಃಖದ ಪಿಟೀಲು ಹಾಕಿದರೆ ಕಣ್ಣಿಗೆ ಕಂಡದ್ದನ್ನೇ ಇನ್ನೊಮ್ಮೆ ಹೇಳಿದ ಹಾಗೆ. ಅದರ ಬದಲು ಒಂದು ಹೆಣ್ಣು ದನಿ ನೀಲಾಂಬರಿಯಲ್ಲಿ ಸಣ್ಣಗೆ ಗುನುಗಲಿ, ಸಾಹಿತ್ಯ ಬೇಡ. ನೀಲಾಂಬರಿ ಜೋಗುಳದ ರಾಗ. ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳದೆ ಮಗು ನೆನಪಾಗುತ್ತದೆ.

ಸಂಗೀತ ಎಲ್ಲಿ ಶುರುವಾಗಬೇಕು ಅನ್ನುವುದು ಯಾವ ಸಂಗೀತ ಅನ್ನುವಷ್ಟೇ ಮುಖ್ಯ. ಮಾತು ಶುರುವಾದ ಕೂಡಲೇ, ಕಣ್ಣೀರು ಬಂದ ಕೂಡಲೇ ಶುರು ಮಾಡಿದರೆ 'ಈಗ ಅಳಿ' ಎಂದು ಹೇಳಿದ ಹಾಗಿರುತ್ತದೆ. ಪಾತ್ರ ತೀರ್ಮಾನ ಮಾಡಿದ ಗಳಿಗೆ ಹುಡುಕಿ, ಅಲ್ಲಿ ಶುರು ಮಾಡಿ. ನಿಲ್ಲಿಸುವ ಜಾಗ ಇನ್ನೂ ಕಷ್ಟ. ಮಾತಿನ ಮಧ್ಯೆ ಸಂಗೀತ ನಿಂತರೆ ನಂತರದ ಪದ ಬೆತ್ತಲಾಗಿ ಕೇಳುತ್ತದೆ. ದೃಶ್ಯದ ಅತಿ ಮುಖ್ಯ ಮಾತಿಗೆ ಮಾತ್ರ ಆ ಜಾಗ ಇಟ್ಟುಕೊಳ್ಳಿ.

ಇನ್ನೊಬ್ಬರ ಹಾಡನ್ನು ಎತ್ತಿ ಹಾಕಬೇಡಿ. ಹಕ್ಕಿನ ತಕರಾರು ಒಂದು ಕಡೆ. ಆ ಹಾಡಿನ ಜೊತೆ ಜನರಿಗೆ ಈಗಾಗಲೇ ಇರುವ ನೆನಪುಗಳು ನಿಮ್ಮ ದೃಶ್ಯದೊಳಕ್ಕೆ ಬಂದು ಕೂರುತ್ತವೆ.

ಹೆಜ್ಜೆ 7: ಶಬ್ದವನ್ನು ಮುಂಚೆ ಕಳಿಸಿ

ಇದು ಸಣ್ಣ ಕೆಲಸ, ಪರಿಣಾಮ ದೊಡ್ಡದು. ಮುಂದಿನ ದೃಶ್ಯದ ಶಬ್ದವನ್ನು ಈ ದೃಶ್ಯದ ಕೊನೆಗೇ ಶುರು ಮಾಡಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತ ಹುಡುಗಿ. ಅವಳ ಮುಖ ಇನ್ನೂ ಕಾಣುತ್ತಿರುವಾಗಲೇ ಎಲ್ಲಿಂದಲೋ ನಾದಸ್ವರ. ಎರಡು ಸೆಕೆಂಡ್ ಆದ ಮೇಲೆ ಛತ್ರ ಕಾಣುತ್ತದೆ. ಆ ಎರಡು ಸೆಕೆಂಡಿನಲ್ಲಿ ನೋಡುವವರು ಅವಳ ಮನಸ್ಸನ್ನು ಓದಿಬಿಟ್ಟಿರುತ್ತಾರೆ. ಹಿಂದಿನ ದೃಶ್ಯದ ಶಬ್ದವನ್ನು ಮುಂದಿನದರೊಳಗೆ ಎಳೆದರೆ ಇದರ ತಿರುವುಮುರುವು. ಪಾತ್ರ ಮನೆಗೆ ಬಂದಿದ್ದರೂ ಮನಸ್ಸು ಆಸ್ಪತ್ರೆಯಲ್ಲೇ ಇದೆ ಎಂದು ತಿಳಿಯುತ್ತದೆ.

ಹೆಜ್ಜೆ 8: ಜೋಡಿಸಿ, ಅಳತೆ ಮಾಡಿ

ಸಾಫ್ಟ್‌ವೇರ್‌ಗೆ ದುಡ್ಡು ಬೇಕಿಲ್ಲ. ಶಬ್ದ ಜೋಡಿಸುವ ಆಡಾಸಿಟಿ ಉಚಿತ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಚಿತ್ರ, ಶಬ್ದ ಎರಡೂ ಮಾಡಬಹುದು.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಬಾಗಿಲು ಮುಚ್ಚುವ ಸದ್ದು ಒಂದು ಫ್ರೇಮ್ ತಡವಾದರೆ ಕಣ್ಣು ಕ್ಷಮಿಸುತ್ತದೆ. ಮುಂಚೆ ಬಂದರೆ ಬೇಗ ಕಿರಿಕಿರಿ. ನಿಜ ಜೀವನದಲ್ಲೂ ಶಬ್ದ ಬೆಳಕಿನ ಹಿಂದೆಯೇ ಬರುತ್ತದಲ್ಲ, ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ. ಥಿಯೇಟರ್‌ನಲ್ಲಿ ಪರದೆಯಿಂದ 20 ಮೀಟರ್ ಹಿಂದೆ ಕೂತವರಿಗೆ ಎಲ್ಲ ಶಬ್ದವೂ ಒಂದು ಫ್ರೇಮ್‌ಗಿಂತ ಜಾಸ್ತಿ ತಡವಾಗಿಯೇ ಕೇಳುತ್ತಿರುತ್ತದೆ.

ಮಾತಿನ ಏರು ಸಾಫ್ಟ್‌ವೇರ್‌ನ ಶಬ್ದದ ಮೀಟರ್‌ನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ (ಅಲ್ಲಿ ಸೊನ್ನೆಯೇ ಗರಿಷ್ಠ), ಉಳಿದದ್ದೆಲ್ಲ ಅದರ ಸುತ್ತ. ಮಾತಿನ ಸ್ಪಷ್ಟತೆ ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ ಇದೆ. ಅದೇ ಜಾಗದಲ್ಲಿ ಕೊಳಲೂ ಪಿಟೀಲೂ ಬಂದು ಕೂತರೆ ಮಾತು ಮುಳುಗುತ್ತದೆ. ಆಗ ಎಲ್ಲರೂ ಮಾಡುವ ತಪ್ಪು ಮಾತನ್ನು ಜೋರು ಮಾಡುವುದು. ಅದರ ಬದಲು ಆ ಜಾಗದಲ್ಲಿ ಸಂಗೀತವನ್ನು ಈಕ್ವಲೈಸರ್‌ನಿಂದ (ಶಬ್ದದ ಚೂಪು, ತಗ್ಗು ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಸ್ವಲ್ಪ ಇಳಿಸಿ. ಇಲ್ಲವೇ ವೀಣೆಯ ಮಂದ್ರದಂಥ ತಗ್ಗಿನ ನಾದ ಆರಿಸಿ.

ಶಬ್ದ ದೂರದಲ್ಲಿದೆ ಎಂದು ತೋರಿಸಲು ವಾಲ್ಯೂಮ್ ಇಳಿಸಿದರೆ ಸಾಲದು. ಗೋಡೆ ದಾಟಿ ಬರುವಾಗ ಶಬ್ದದ ಚೂಪು ಹೋಗುತ್ತದೆ, ತಗ್ಗು ಉಳಿಯುತ್ತದೆ. ಮೇಲಿನ ಮನೆಯಲ್ಲಿ ಪಾರ್ಟಿ ನಡೆದಾಗ ನಿಮಗೆ ಕೇಳುವುದು ದಬ್ ದಬ್ ಮಾತ್ರ, ಹಾಡಿನ ಪದ ಅಲ್ಲ. ಸ್ಕೂಟರ್‌ಗೂ ಗಟ್ಟಿಮೇಳಕ್ಕೂ ಹೀಗೇ ಈಕ್ವಲೈಸರ್‌ನಿಂದ ಚೂಪಿನ ಭಾಗ ಕತ್ತರಿಸಿ, ಆಮೇಲೆ ವಾಲ್ಯೂಮ್ ನೋಡಿ.

ಹೆಡ್‌ಫೋನ್‌ನಲ್ಲಿ, ಟಿವಿಯಲ್ಲಿ, ಫೋನ್ ಸ್ಪೀಕರ್‌ನಲ್ಲಿ ಒಂದೊಂದು ಸಲ ಕೇಳಿ. ರಾತ್ರಿ ಮಿಕ್ಸ್ ಮಾಡಿದ್ದನ್ನು ಬೆಳಗ್ಗೆ ಇನ್ನೊಮ್ಮೆ ಕೇಳಿ, ರಾತ್ರಿ ಹೊತ್ತಿಗೆ ಕಿವಿ ಸುಸ್ತಾಗಿರುತ್ತದೆ.

ಕೊನೆಗೆ ಶೂಟಿಂಗ್‌ಗೆ ಬಾರದ ಒಬ್ಬರಿಗೆ ತೋರಿಸಿ. ಪಕ್ಕದ ಮನೆಯ ಆಂಟಿಯಾದರೂ ಸರಿ. ಹೇಗಿದೆ ಎಂದು ಕೇಳಬೇಡಿ. "ಇವರು ಯಾರಿಗೆ ಕಾಯ್ತಾ ಇದ್ದಾರೆ ಅನಿಸ್ತು?" ಎಂದು ಕೇಳಿ. "ಮಗನಿಗೆ ಇರಬೇಕು, ಇವತ್ತೂ ಬರಲ್ಲ ಪಾಪ" ಎಂದರೆ ಶಬ್ದ ಸರಿಯಾಗಿ ಕೂತಿದೆ. ಮೊದಲ ಮಾತೇ "ಮ್ಯೂಸಿಕ್ ಚೆನ್ನಾಗಿದೆ" ಎಂದಾಗಿದ್ದರೆ, ಸಂಗೀತದ ಟ್ರ್ಯಾಕ್ ಮ್ಯೂಟ್ ಮಾಡಿ, ಸ್ಕೂಟರ್ ಮಾತ್ರ ಉಳಿಸಿ, ಇನ್ನೊಬ್ಬರಿಗೆ ತೋರಿಸಿ.